ಮುತ್ತಾತನಿಂದ ಹಿಂದಿನ ಹೆಸರುಗಳು: ಯಾವ ದಾಖಲೆ ಆನ್‌ಲೈನಿನಲ್ಲಿದೆ, ಯಾವುದಕ್ಕೆ ಕಚೇರಿಗೇ ಹೋಗಬೇಕು?

ಕಲ್ಪತರು

ನಮಸ್ಕಾರ. ತಿಪಟೂರು ತಾಲ್ಲೂಕಿನ ಒಂದು ಕುಟುಂಬದ ವಂಶವೃಕ್ಷ ಬರೆಯಬೇಕಾಗಿದೆ. ಮುತ್ತಾತನವರೆಗೆ ಹೆಸರು ಗೊತ್ತು: ರಂಗಪ್ಪ. ಊರು ಗೊತ್ತು, ಸರ್ವೆ ನಂಬರ್ ಗೊತ್ತಿಲ್ಲ. ಜಮೀನು 1980ರ ಸುಮಾರಿಗೆ ಮಾರಾಟವಾಗಿದೆ. ವಿದೇಶಿ ವಂಶಾವಳಿ ತಾಣಗಳಲ್ಲಿ ಹೆಸರು ಹಾಕಿದರೆ ಏನೂ ಬರುತ್ತಿಲ್ಲ. ಜನಗಣತಿಯ ಹಳೇ ಪಟ್ಟಿ ಎಲ್ಲಾದರೂ ನೋಡಲು ಸಿಗುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಕಡತಪಾಲ

ಮೊದಲು ಜನಗಣತಿಯ ಆಸೆ ಬಿಡಿ. ಬ್ರಿಟನ್ನಿನಲ್ಲಿ ನೂರು ವರ್ಷ, ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಗಣತಿ ಹಾಳೆಗಳನ್ನೇ ಜನರಿಗೆ ತೆರೆದಿಡುತ್ತಾರೆ. ಆ ದೊಡ್ಡ ತಾಣಗಳು ನಿಂತಿರುವುದು ಅದರ ಮೇಲೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಆ ಹಾಳೆಗಳನ್ನು ಯಾರೂ ಪರಿಶೀಲಿಸುವಂತಿಲ್ಲ. ಮೈಸೂರು ಸಂಸ್ಥಾನದ ಹಳೇ ಗಣತಿ ವರದಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಅವುಗಳಲ್ಲಿ ಇರುವುದು ಲೆಕ್ಕ, ಹೆಸರಲ್ಲ.

ನಮ್ಮ ಬೇಸಾಯದ ಮನೆತನಗಳ ಹೆಸರು ಉಳಿದಿರುವುದು ಕಂದಾಯ ದಾಖಲೆಯಲ್ಲಿ. ಹಾಗಾಗಿ ನೀವು ಹುಡುಕಬೇಕಾದ್ದು ರಂಗಪ್ಪನವರನ್ನಲ್ಲ, ಅವರ ಸರ್ವೆ ನಂಬರನ್ನು. ಒಂದೇ ಹೋಬಳಿಯಲ್ಲಿ ಹತ್ತು ಜನ ರಂಗಪ್ಪ ಇರುತ್ತಾರೆ, ಸರ್ವೆ ನಂಬರ್ ಊರಿಗೆ ಒಂದೇ.

ಸರ್ವೆ ನಂಬರ್ ಪತ್ತೆಗೆ ಎರಡು ದಾರಿ. ಊರಿನಲ್ಲಿ ಯಾರಾದರೂ ಆ ಹೊಲ ಅಥವಾ ತೋಟ ತೋರಿಸಬಲ್ಲವರಿದ್ದರೆ ದಿಶಾಂಕ್ ಆ್ಯಪ್ ಹಾಕಿಕೊಂಡು ಅಲ್ಲಿ ನಿಲ್ಲಲಿ, ಊರು, ಹೋಬಳಿ, ಸರ್ವೆ ನಂಬರ್ ಬರುತ್ತದೆ. ಬದುವಿನ ಮೇಲೆ ನಿಂತರೆ ಪಕ್ಕದ ನಂಬರ್ ತೋರಿಸಬಹುದು, ಹೊಲದ ಮಧ್ಯಕ್ಕೆ ಹೋಗಬೇಕು. ಯಾರೂ ಇಲ್ಲದಿದ್ದರೆ ಭೂದಾಖಲೆಗಳ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆಯ ಪಿಡಿಎಫ್ ಇಳಿಸಿಕೊಳ್ಳಿ, ಉಚಿತ. ಕೆರೆ, ಗ್ರಾಮಠಾಣ, ಬಂಡಿ ದಾರಿ, ಹಳ್ಳ ಎಲ್ಲ ಅದರಲ್ಲಿ ಗುರುತು ಹಾಕಿರುತ್ತಾರೆ. "ಕೆರೆ ಕೋಡಿಯ ಕೆಳಗಿನ ತೋಟ" ಅನ್ನುವಷ್ಟು ಮನೆಯವರಿಗೆ ನೆನಪಿದ್ದರೆ ಸಾಕು, ಐದಾರು ನಂಬರಿಗೆ ಇಳಿಯುತ್ತದೆ.

ಆಮೇಲೆ ಭೂಮಿ ಎಂಬ ಕಂದಾಯ ಇಲಾಖೆಯ ಪಹಣಿ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಕೊಡಿ. ಸರ್ನೋಕ್ ಎಂಬ ಕಡೆ ಹೆಚ್ಚಾಗಿ ನಕ್ಷತ್ರದ ಗುರುತು ಮಾತ್ರ ಇರುತ್ತದೆ, ಅದನ್ನೇ ಆರಿಸಬೇಕು. ಇತ್ತೀಚಿನ ಪಹಣಿಯಷ್ಟೇ ನೋಡಿ ಮುಚ್ಚಬೇಡಿ. ಹಳೆಯ ವರ್ಷಗಳದ್ದೂ ಕಂಪ್ಯೂಟರೀಕರಣದ ಕಾಲದವರೆಗೆ, ಅಂದರೆ 2000ದ ಆಸುಪಾಸಿನವರೆಗೆ ಸಿಗುತ್ತದೆ, ಅದರಲ್ಲಿ ಎಷ್ಟು ಹಳೆಯದು ಸಿಕ್ಕರೆ ಅಷ್ಟು ಒಳ್ಳೆಯದು. ನಿಮಗೆ ಬೇಕಾದ್ದು 9ನೇ ಮತ್ತು 10ನೇ ಕಾಲಂ. 9ರಲ್ಲಿ ಖಾತೆದಾರ. 10ರಲ್ಲಿ ಆ ಹಕ್ಕು ಹೇಗೆ ಬಂತು: ಕ್ರಯ, ವಿಭಾಗ, ಪೌತಿ (ತೀರಿಕೊಂಡವರಿಂದ ವಾರಸಾಗಿ), ದಾನ ಎಂದು ಬರೆದು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರ್ ಮತ್ತು ವರ್ಷ ಕೊಟ್ಟಿರುತ್ತಾರೆ. ಆ ಎಂ.ಆರ್. ನಂಬರೇ ಹಿಂದಿನ ತಲೆಮಾರಿನ ಬಾಗಿಲು.

ಜಮೀನು ಮಾರಿದ್ದರೂ ಚಿಂತೆಯಿಲ್ಲ. ಕೊಂಡವರ ಹೆಸರಿಗೆ ಖಾತೆ ಆದಾಗಿನ ಮ್ಯುಟೇಶನ್‌ನಲ್ಲಿ ಮಾರಿದವರ ಹೆಸರು, ತಂದೆಯ ಹೆಸರು ಸಮೇತ ಇರಲೇಬೇಕು.

ಕಲ್ಪತರು

ತುಂಬಾ ಉಪಕಾರವಾಯಿತು ಸರ್. 1980ರ ಎಂ.ಆರ್. ಆನ್‌ಲೈನಿನಲ್ಲೇ ಬರುತ್ತದೆಯೇ?

ಕಡತಪಾಲ

ಇಲ್ಲ. ಅಲ್ಲಿ ತೆರೆಯುವುದು ಕಂಪ್ಯೂಟರ್ ಬಂದ ನಂತರದ ಮ್ಯುಟೇಶನ್‌ಗಳು. ಹಿಂದಿನವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿವೆ. ಭೂ ಸುರಕ್ಷಾ ಯೋಜನೆಯಲ್ಲಿ ಆ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ನಿಮ್ಮ ತಾಲ್ಲೂಕಿನದು ಎಲ್ಲಿಗೆ ಬಂದಿದೆ ಎಂದು ಕೇಳಿಯೇ ಹೊರಡಿ.

ಅರ್ಜಿಯಲ್ಲಿ "ನಮ್ಮ ಕುಟುಂಬದ ಹಳೇ ದಾಖಲೆ ಕೊಡಿ" ಎಂದು ಬರೆದರೆ ಅದು ಅಲ್ಲೇ ನಿಲ್ಲುತ್ತದೆ. ಯಾವ ಪುಸ್ತಕ, ಯಾವ ನಂಬರ್, ಯಾವ ವರ್ಷ ಎಂದು ಹೆಸರಿಸಬೇಕು. ಹಳೇ ಮೈಸೂರು ಭಾಗಕ್ಕೆ ಕೇಳಬೇಕಾದ್ದು: ಕೈಬರಹದ ಪಹಣಿ (ಸಾಮಾನ್ಯವಾಗಿ 1960ರ ದಶಕದ ಕೊನೆಯಿಂದ ಸಿಗುತ್ತದೆ, ಐದೈದು ವರ್ಷಕ್ಕೆ ಒಂದು ಹಾಳೆ ಎಂಬಂತೆ ಕೇಳಿ), ಮ್ಯುಟೇಶನ್ ರಿಜಿಸ್ಟರ್, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರ್ ಪ್ರಕಾರದ ಜಮೀನಿನ ಸೂಚಿ), ರೆಕಾರ್ಡ್ ಆಫ್ ರೈಟ್ಸ್ (ಹಕ್ಕುದಾಖಲೆ). ಕೊನೆಯ ಎರಡನ್ನು ಜನ ಮರೆತೇ ಬಿಡುತ್ತಾರೆ. ಪಹಣಿಗಿಂತ ಒಂದು ತಲೆಮಾರು ಹಿಂದಕ್ಕೆ ಕರೆದೊಯ್ಯುವುದು ಅವೇ.

ಇನ್ನು ಸರ್ವೆ ಇಲಾಖೆಯ ಹಿಸ್ಸಾ ಟಿಪ್ಪಣಿ, ಅಂದರೆ ಒಂದು ಸರ್ವೆ ನಂಬರನ್ನು ಪಾಲು ಮಾಡಿ ಅಳೆದಾಗಿನ ದಾಖಲೆ. ಈಗಿನ ಪಹಣಿಯಲ್ಲಿ 45/3 ಎಂದಿರುವುದು ಹಳೇ ಪುಸ್ತಕದಲ್ಲಿ ಬರೀ 45 ಆಗಿರುತ್ತದೆ. 45/3 ಎಂದೇ ಹುಡುಕಿ "ಸಿಗಲಿಲ್ಲ" ಎಂದು ವಾಪಸ್ ಬರುವವರೇ ಹೆಚ್ಚು. ಆ ನಂಬರ್ ನಾಲ್ಕು ಹಿಸ್ಸಾ ಆಗಿದ್ದು ಯಾವಾಗ, ಯಾರ ಯಾರ ಹೆಸರಿಗೆ ಎಂದು ನೋಡಿದರೆ ಅಣ್ಣತಮ್ಮಂದಿರು ಪಾಲಾದ ವರ್ಷವೇ ಸಿಕ್ಕಿತು ಎಂದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಮರೆತುಹೋದ ಒಬ್ಬ ತಮ್ಮನ ಹೆಸರು ಪಕ್ಕದ ಹಿಸ್ಸಾದಲ್ಲಿ ಕೂತಿರುತ್ತದೆ.

ಶಾನುಭೋಗರ ಮನೆ

ಓದುವ ಬಗೆಯನ್ನೂ ಹೇಳಿಬಿಡೋಣ. ಕಲ್ಪಿತ ಹೆಸರುಗಳಿಟ್ಟು ಒಂದು ನಮೂದು ಹೀಗಿದೆ ಎಂದುಕೊಳ್ಳಿ:

"ದೊಡ್ಡೇಗೌಡ ಬಿನ್ ಲೇಟ್ ಮರಿಗೌಡ ಉರುಫ್ ಪಟ್ಟದಗೌಡ ಪೌತಿ. ವಾರಸು ರೀತ್ಯಾ ಹೆಂಡತಿ ಲಕ್ಕಮ್ಮ ಕೋಂ ದೊಡ್ಡೇಗೌಡ, ಮೈನರ್ ಮಗ ಮರಿಗೌಡನಿಗೆ ಗಾರ್ಡಿಯನ್."

ಒಂದೂವರೆ ಸಾಲು, ಮೂರು ತಲೆಮಾರು. ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ, ಉರುಫ್ ಅಥವಾ ಯಾನೆ ಎಂದರೆ ಇನ್ನೊಂದು ಹೆಸರು. ಪೌತಿ ಎಂದರೆ ತೀರಿಕೊಂಡದ್ದು. ತೀರಿಕೊಂಡ ವರ್ಷ ಇದೇ ಎಂದು ಬರೆದುಕೊಳ್ಳಬೇಡಿ. ಪೌತಿ ಖಾತೆ ಹತ್ತಿಪ್ಪತ್ತು ವರ್ಷ ತಡವಾಗಿ ಆಗುವುದು ಮಾಮೂಲು, ಈಗಲೂ ಹಾಗೇ. "ಈ ವರ್ಷಕ್ಕೆ ಮೊದಲು" ಎಂದಷ್ಟೇ ಗುರುತು ಹಾಕಿ.

ಮೊಮ್ಮಗನಿಗೆ ತಾತನ ಹೆಸರು ಇಟ್ಟಿರುವುದನ್ನೂ ನೋಡಿ. ವಂಶವೃಕ್ಷ ಕೆಡುವುದು ಹೆಚ್ಚಾಗಿ ಇಲ್ಲೇ. 1930ರ ಮರಿಗೌಡ, 1970ರ ಮರಿಗೌಡ ಇಬ್ಬರನ್ನೂ ಒಬ್ಬರೆಂದು ಸೇರಿಸಿಬಿಟ್ಟರೆ ಮಧ್ಯದ ದೊಡ್ಡೇಗೌಡ ಮಾಯ. ಯಾರಾದರೂ ಎಪ್ಪತ್ತು ವರ್ಷ ಖಾತೆದಾರರಾಗಿ ಕಂಡರೆ ಅಲ್ಲಿ ಇಬ್ಬರಿದ್ದಾರೆ ಎಂದೇ ಅನುಮಾನಿಸಿ.

ಇನ್ನೊಂದು ತೊಡಕು: ಬೇಚಿರಾಕ್ ಗ್ರಾಮ. ಪ್ಲೇಗೋ ಬರವೋ ಬಂದು ಜನ ಬಿಟ್ಟುಹೋದ ಊರು ಕಂದಾಯ ಲೆಕ್ಕದಲ್ಲಿ ಇನ್ನೂ ಊರೇ. ನಿಮ್ಮವರು ಪಕ್ಕದ ಊರಲ್ಲಿ ವಾಸವಿದ್ದು ಜಮೀನು ಬೇಚಿರಾಕ್ ಊರಿನ ಎಲ್ಲೆಯಲ್ಲಿದ್ದರೆ, ವಾಸದ ಊರಿನ ಹೆಸರಲ್ಲಿ ಎಷ್ಟು ಹುಡುಕಿದರೂ ಬರದು. ಮಜರೆ ಹಳ್ಳಿಗಳದ್ದೂ ಇದೇ ಕಥೆ, ತಾಣದ ಪಟ್ಟಿಯಲ್ಲಿ ಮೂಲ ಗ್ರಾಮದ ಹೆಸರು ಮಾತ್ರ ಇರುತ್ತದೆ. ದಿಶಾಂಕ್ ಉಪಯೋಗಕ್ಕೆ ಬರುವುದು ಇಂಥ ಕಡೆ.

ಮಲಪ್ರಭಾ

ಮುಂಬೈ ಕರ್ನಾಟಕದ ಮಾತು ಬ್ಯಾರೆ ಐತ್ರಿ. ಇಲ್ಲಿ ಪಹಣಿಗೆ ಉತಾರ ಅಂತೀವಿ, ಮ್ಯುಟೇಶನ್ ಪುಸ್ತಕಕ್ಕ ಡೈರಿ. ತಾಲೂಕ ಕಚೇರಿಯೊಳಗ "ಇಂಥಾ ಡೈರಿ ನಂಬರಿಂದ ನಕಲು ಬೇಕು" ಅಂದ್ರ ಲಗೂ ತಿಳೀತದ. ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಹಕ್ಕುದಾಖಲೆ ಪದ್ಧತಿ 1903ರ ಮುಂಬೈ ಕಾಯ್ದೆಯಿಂದ ಶುರು ಆದದ್ದು. ಹಿಂಗಾಗಿ ವಾರಸಾ ಡೈರಿ ಹಳೇ ಮೈಸೂರಿಗಿಂತ ಭಾಳ ಹಿಂದಿನವು ಸಿಗ್ತಾವು. ಪುಸ್ತಕ ಹುಳ ತಿಂದಿರದಿದ್ರ ಅಷ್ಟ.

ತ್ರಾಸು ಅಂದ್ರ ಲಿಪಿ. ಹಳೇ ಕಾಗದಾ ಮೋಡಿ ಅನ್ನೂ ಓಟದ ಲಿಪಿಯೊಳಗ ಅದಾವು, ಆಮ್ಯಾಲಿನವು ಬೆಳಗಾವಿ ಕಡೆ ಮರಾಠಿಯೊಳಗ. ಮರಾಠಿ ಉತಾರದಾಗ "ಅ.ಪಾ.ಕ." ಅಂತ ಇದ್ರ ಅಜ್ಞಾನ ಪಾಲನ ಕರ್ತಾ, ಅಂದ್ರ ಸಣ್ಣ ಹುಡುಗನ ಪರವಾಗಿ ಹಿರಿಯರು. "ಎ.ಕು.ಮ್ಯಾ." ಅಂತ ಇದ್ರ ಏಕತ್ರ ಕುಟುಂಬದ ಮ್ಯಾನೇಜರ್. ಇದನ್ನ ಕಂಡಲ್ಲಿ ನಿಲ್ರಿ. ಆ ಒಂದು ಹೆಸರಿನ ಹಿಂದ ಇನ್ನೂ ಮೂರು ಮಂದಿ ಅಣ್ಣತಮ್ಮರು ಇರಬಹುದು, ಅವರ ಹೆಸರು ಮುಂದಿನ ವಾಟ್ನಿ (ಪಾಲಿನ) ಡೈರಿಯೊಳಗಷ್ಟ ಬರ್ತಾವು.

ಮೋಡಿ ಓದಾಕ ನೀವ ಕಲೀಬೇಕಂತೇನಿಲ್ಲ. ಆದ್ರ ಅಂಕಿ, ತಿಂಗಳ ಹೆಸರು, "ಬಿನ್", "ವಲ್ದ" (ಇದೂ ಮಗ ಅಂತನ), ನಿಮ್ಮ ಅಡ್ಡಹೆಸರು, ಊರ ಹೆಸರು ಇಷ್ಟ ಮೋಡಿಯೊಳಗ ಹ್ಯಾಂಗ ಕಾಣ್ತಾವು ಅಂತ ಒಂದು ಹಾಳಿ ಮ್ಯಾಲ ಬರೆಸಿಕೊಂಡು ಇಟಗೊಳ್ರಿ. ನೂರು ಹಾಳಿಯೊಳಗ ನಿಮ್ಮವು ಯಾವ ನಾಲ್ಕು ಅಂತ ಆರಿಸಿ, ಆ ನಾಲ್ಕನ್ನಷ್ಟ ಓದೋರ ಕಡೆ ಕೊಡ್ರಿ. ಎಲ್ಲಾ ನೂರೂ ಓದಸಾಕ ಹೋದ್ರ ರೊಕ್ಕಾ ಸುಮ್ನ ಹೋಗ್ತದ.

ಹೆಳವರನ್ನ ಯಾರೂ ನೆನಸಲಿಲ್ಲಲ್ರಿ ಇಲ್ಲಿ? ಎತ್ತಿನ ಮ್ಯಾಲೆ ಬಂದು ವಂಶಾವಳಿ ಹೇಳೋ ಹೆಳವರ ಹತ್ರ ಒಕ್ಕಲಿನ ಮನಿತನಗಳ ಹೆಸರು ಪುಸ್ತಕದಾಗ ಅದಾವು. ಯಾವ ಹೆಳವರು ಯಾವ ಮನಿತನಕ್ಕ ಅನ್ನೂದು ಮೊದಲಿಂದ ಕಟ್ಟಾಗಿರತದ. ಸುಗ್ಗಿ ಆದಮ್ಯಾಲ ಬರ್ತಾರ. ಬಂದಾಗ ಪೂರಾ ಹೇಳಿಸಿ ದನಿ ರೆಕಾರ್ಡ್ ಮಾಡ್ರಿ, ನಡುವ ತಡದು ಪ್ರಶ್ನೆ ಕೇಳಬ್ಯಾಡ್ರಿ, ಸಾಲು ತಪ್ಪತದ. ಮುಗದ ಮ್ಯಾಲ ಕೇಳ್ರಿ. ಪುಸ್ತಕದ ಫೋಟೋ ತಗೀಬೇಕಂದ್ರ ಅವರ ಒಪ್ಪಿಗಿ ಬೇಕು, ಕಾಣಿಕಿ ಕೊಡಬೇಕು. ಅದು ಅವರ ಆಸ್ತಿ.

ಬೀದರಿ ಕುಸುರಿ

ಕಲ್ಯಾಣ ಕರ್ನಾಟಕದ್ದು ಸೇರಿಸುತ್ತೇನೆ. ಬೀದರ್, ಕಲಬುರಗಿ, ರಾಯಚೂರು 1956ರ ಮರುವಿಂಗಡಣೆಗೆ ಮೊದಲು ಹೈದರಾಬಾದಿನವು, ದಾಖಲೆ ಉರ್ದುವಿನಲ್ಲಿ. ಇಲ್ಲಿ ಕೇಳಬೇಕಾದ ಎರಡು ಹೆಸರು: 1954-55ರ ಖಾಸ್ರಾ ಪಹಣಿ ಮತ್ತು ಸೇತ್ವಾರ್ (ಸರ್ವೆ ಆದಾಗಿನ ಮೂಲ ಜಮೀನು ಪಟ್ಟಿ). ಖಾಸ್ರಾ ಪಹಣಿಯಲ್ಲಿ ಪಟ್ಟೇದಾರನ ಹೆಸರಿನ ಜೊತೆಗೆ ಆ ಹೊತ್ತಿಗೆ ಉಳುತ್ತಿದ್ದವರ ಹೆಸರೂ ಇರುತ್ತದೆ, ಹಾಗಾಗಿ ಜಮೀನಿಲ್ಲದ ಗೇಣಿ ಕುಟುಂಬಗಳಿಗೂ ಇದು ಉಪಯೋಗ. ಸಂಸ್ಥಾನದ ಮಟ್ಟದ ಕಡತಗಳು ಬೇಕಾದರೆ ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರ.

ಇಸವಿ ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದ ಎಣಿಕೆಯಲ್ಲಿ ಇರುತ್ತದೆ. ಫಸಲಿಗೆ 590 ಕೂಡಿಸಿ: ಫಸಲಿ 1350 ಅಂದರೆ 1940-41. ಆದರೆ ಮದರಾಸಿನ ಫಸಲಿ ಜುಲೈನಲ್ಲಿ ಶುರು, ಹೈದರಾಬಾದಿನದು ಅಕ್ಟೋಬರಿನಲ್ಲಿ, ಆಜೂರ್ ತಿಂಗಳಿಂದ. ಬಳ್ಳಾರಿ ಮದರಾಸಿಗೆ ಸೇರಿತ್ತು, ಪಕ್ಕದ ರಾಯಚೂರು ನಿಜಾಮರಿಗೆ. ಎರಡೂ ಕಡೆ ನೆಂಟಸ್ತನ ಇದ್ದ ಮನೆಗಳಲ್ಲಿ ಒಂದೇ ಫಸಲಿ ವರ್ಷದ ಎರಡು ಕಾಗದಗಳ ನಡುವೆ ಮೂರು ತಿಂಗಳ ವ್ಯತ್ಯಾಸ ಬರುವುದು ಹೀಗೆ.

ಪಂಚಾಂಗದವರು

ಇಸವಿಯ ಮಾತು ಬಂದದ್ದರಿಂದ ಸಂವತ್ಸರದ ಲೆಕ್ಕವನ್ನೂ ಇಡೋಣ. ಹಳೇ ಪಾಲುಪಾರೀಕತ್ತು (ವಿಭಾಗ ಪತ್ರ), ಜಾತಕ, ತಾಳೆಗರಿಗಳಲ್ಲಿ ಬರೀ "ಈಶ್ವರ ಸಂ|| ಕಾರ್ತಿಕ ಶು 5" ಎಂದಿರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಪ್ರಭವ 1867-68, 1927-28, 1987-88. ಅಲ್ಲಿಂದ ಎಣಿಸಿದರೆ ಈಶ್ವರ ಹನ್ನೊಂದನೆಯದು, ಅಂದರೆ 1877-78, 1937-38, ಇಲ್ಲವೇ 1997-98. ಇವುಗಳಲ್ಲಿ ಯಾವುದು ಎಂಬುದನ್ನು ಕಾಗದದ ಸ್ಟಾಂಪು, ಸಾಕ್ಷಿಗಳ ಹೆಸರು, ಮುಂದಿನ ತಲೆಮಾರಿನ ವಯಸ್ಸು ನೋಡಿ ತೀರ್ಮಾನಿಸಬೇಕು. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ. ಪುಷ್ಯ, ಮಾಘ, ಫಾಲ್ಗುಣವಾದರೆ ಸಾಮಾನ್ಯವಾಗಿ 79, ಯಾಕೆಂದರೆ ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ.

ಮನೆಯ ಹಿರಿಯರ ಮಾತಿನಲ್ಲೂ ಇಸವಿ ಅಡಗಿರುತ್ತದೆ. "ಧಾತು ಈಶ್ವರದ ಬರದಲ್ಲಿ ಕೈಕೂಸು" ಎಂದರೆ 1876-78. "ಬೆಂಗಳೂರಿಗೆ ಪ್ಲೇಗು ಬಂದ ವರ್ಷ" 1898. ಇನ್‌ಫ್ಲುಯೆಂಜಾ ಬಂದು ಮನೆಮನೆಯಲ್ಲೂ ಸಾವಾದದ್ದು 1918, ಕಾಳಯುಕ್ತಿ ಸಂವತ್ಸರ. ಹಿರಿಯರನ್ನು ಇಸವಿ ಕೇಳಬೇಡಿ, ಆಗ ಏನು ನಡೆದಿತ್ತು ಎಂದು ಕೇಳಿ.

ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ತಾರೀಕನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಜೂನ್ 1 ಎಂದಿದ್ದರೆ ಅದು ಮೇಷ್ಟರು ಶಾಲೆ ತೆರೆಯುವ ದಿನಕ್ಕೆ ಹೊಂದಿಸಿ ಬರೆದದ್ದು. ಆ ಪುಸ್ತಕ ತಂದೆಯ ಹೆಸರು ಮತ್ತು ಊರಿಗೆ ಒಳ್ಳೆಯ ಆಧಾರ, ವಯಸ್ಸಿಗೆ ಅಲ್ಲ.

ನೀಲಾಂಬರಿ

ಮೇಲಿನದೆಲ್ಲ ಗಂಡಸರ ಹೆಸರಾಯಿತು. ಅಜ್ಜಿ, ಮುತ್ತಜ್ಜಿಯರ ತವರು, ಅವರ ಹೆಸರು ಎಲ್ಲಿ ಹುಡುಕುವುದು? ಪಹಣಿಯಲ್ಲಿ ವಿಧವೆಯಾದ ಮೇಲಷ್ಟೇ ಅವರು ಕಾಣಿಸುವುದು.

ಕಡತಪಾಲ

ಸರಿಯಾದ ಪ್ರಶ್ನೆ ಮೇಡಂ, ಇದಕ್ಕೆ ಉತ್ತರ ಚದುರಿಕೊಂಡಿದೆ.

ಮೊದಲನೆಯದು 2002ರ ಮತದಾರರ ಪಟ್ಟಿ. ಮುಖ್ಯ ಚುನಾವಣಾಧಿಕಾರಿಗಳ ತಾಣದಲ್ಲಿದೆ. ಮನೆ ನಂಬರ್ ಪ್ರಕಾರ ಇರುವುದರಿಂದ ಒಂದು ಮನೆಯವರೆಲ್ಲ ಒಟ್ಟಿಗೆ ಬರುತ್ತಾರೆ: ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು. ಅಲ್ಲಿ 80 ವರ್ಷದ ಅಜ್ಜಿ ಇದ್ದರೆ 1922ರ ಆಸುಪಾಸಿನಲ್ಲಿ ಹುಟ್ಟಿದವರು. ಎಡವುವುದು ಎಲ್ಲಿ ಎಂದರೆ, ಕ್ಷೇತ್ರಗಳು 2008ರ ಪುನರ್ವಿಂಗಡಣೆಗೆ ಮೊದಲಿನವು. ಈಗಿನ ಕ್ಷೇತ್ರದ ಹೆಸರಲ್ಲಿ ಊರು ಕಾಣದಿದ್ದರೆ ಅಕ್ಕಪಕ್ಕದ ಹಳೇ ಕ್ಷೇತ್ರ ತೆರೆದು ನೋಡಿ. ಪಿಡಿಎಫ್‌ನಲ್ಲಿ ಕನ್ನಡ ಹೆಸರು ಟೈಪಿಸಿ ಹುಡುಕಿದರೆ ಸಿಗದಿದ್ದಾಗ ಹೆಸರಿಲ್ಲ ಎಂದುಕೊಳ್ಳಬೇಡಿ, ಭಾಗದ ಸಂಖ್ಯೆ ಹಿಡಿದು ಕಣ್ಣಿನಲ್ಲೇ ಓದಬೇಕು.

ಎರಡನೆಯದು ವಿಭಾಗ ಪತ್ರ. ಕರ್ನಾಟಕದ ತಿದ್ದುಪಡಿಯಿಂದ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂತು, 2005ರಲ್ಲಿ ಇಡೀ ದೇಶಕ್ಕೆ. ಆಮೇಲಿನ ಪಾಲು ಪತ್ರಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು, ಗಂಡನ ಹೆಸರು, ಈಗಿನ ಊರು ಎಲ್ಲ ಬರುತ್ತವೆ. ತವರಿನ ಕಡೆಯ ಪತ್ರ ತೆಗೆಸಿದರೆ ಒಂದೇ ಕಾಗದದಲ್ಲಿ ಅಕ್ಕತಂಗಿಯರೆಲ್ಲ ಸಿಗುತ್ತಾರೆ.

ಮೂರನೆಯದು ಕೋರ್ಟು. ಪಾಲಿನ ದಾವೆಯ ತೀರ್ಪುಗಳಲ್ಲಿ ನ್ಯಾಯಾಧೀಶರು ಮೂಲಪುರುಷನಿಂದ ಹಿಡಿದು ಪೂರ್ತಿ ವಂಶವೃಕ್ಷವನ್ನೇ ಬರೆದಿರುತ್ತಾರೆ. ಇಂಡಿಯನ್ ಕಾನೂನ್ ತಾಣದಲ್ಲಿ ಊರಿನ ಹೆಸರು, ತಾಲ್ಲೂಕಿನ ಹೆಸರು, ಜೊತೆಗೆ ಪ್ರೊಪೊಸಿಟಸ್ (ಮೂಲಪುರುಷ) ಎಂಬ ಪದ, ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹುಡುಕಿ. ಊರಿನ ಕಾಗುಣಿತ ನಾಲ್ಕು ಥರ ಬದಲಿಸಿ ನೋಡಬೇಕು. ನಿಮ್ಮದೇ ಮನೆಯ ದಾವೆ ಇರದಿದ್ದರೂ ದಾಯಾದಿಗಳದ್ದು ಇರಬಹುದು.

ನೋಂದಣಿ ಮಿತ್ರ

ವಿಭಾಗ ಪತ್ರ ತೆಗೆಸುವ ಕ್ರಮ ಬರೆಯುತ್ತೇನೆ. ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಲಾಗಿನ್ ಆಗಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆದರೆ 2004ರ ಏಪ್ರಿಲ್‌ನಿಂದ ಈಚಿನ ವಹಿವಾಟು ಬರುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೈಯಿಂದ ಹುಡುಕಿಸಬೇಕು. ಸರ್ವೆ ನಂಬರ್, ಊರು, ಇಂತಿಂಥ ವರ್ಷದಿಂದ ಇಂತಿಂಥ ವರ್ಷದವರೆಗೆ ಎಂದು ಕೊಡಿ. ಶುಲ್ಕ ವರ್ಷದ ಲೆಕ್ಕದಲ್ಲಿ ಏರುವುದರಿಂದ ಮೊದಲು ಮ್ಯುಟೇಶನ್‌ನಿಂದ ವರ್ಷ ತಿಳಿದುಕೊಂಡು ಬಂದರೆ ದುಡ್ಡೂ ಉಳಿಯುತ್ತದೆ, ಹುಡುಕುವವರ ತಾಳ್ಮೆಯೂ ಉಳಿಯುತ್ತದೆ.

ಜನಕ್ಕೆ ಗೊತ್ತಿಲ್ಲದ ಒಂದು ವಿಷಯ: 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ 1ನೇ ಪುಸ್ತಕ, ಅಂದರೆ ಸ್ಥಿರಾಸ್ತಿಯ ಪತ್ರಗಳು, ಶುಲ್ಕ ಕಟ್ಟಿದ ಯಾರಿಗಾದರೂ ತೆರೆದಿದೆ. ನೀವು ಆ ಆಸ್ತಿಯ ಹಕ್ಕುದಾರರೇ ಆಗಿರಬೇಕೆಂದಿಲ್ಲ. 3ನೇ ಪುಸ್ತಕ ಮರಣಶಾಸನಗಳದು. ಬರೆದವರು ಬದುಕಿರುವವರೆಗೆ ಅವರಿಗೆ ಮಾತ್ರ, ತೀರಿಕೊಂಡ ಮೇಲೆ ಯಾರು ಕೇಳಿದರೂ ನಕಲು ಕೊಡಬಹುದು. ಮರಣ ಪ್ರಮಾಣಪತ್ರ ಜೊತೆಗಿಟ್ಟುಕೊಂಡು ಹೋಗಿ. ಹೆಸರಿನ ಸೂಚಿ 1ನೇ ಇಂಡೆಕ್ಸ್, ಆಸ್ತಿಯ ಸೂಚಿ 2ನೇ ಇಂಡೆಕ್ಸ್. ಸರ್ವೆ ನಂಬರ್ ಗೊತ್ತಿಲ್ಲದವರು 1ನೆಯದನ್ನು ಕೇಳಿ.

ಮಾಹಿತಿ ಹಕ್ಕು ಅರ್ಜಿ ಹಾಕುವವರಿಗೆ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಎರಡು ಊರು, ಮೂರು ಸರ್ವೆ ನಂಬರ್ ಒಂದೇ ಅರ್ಜಿಯಲ್ಲಿ ತುರುಕಿದರೆ ತಿರಸ್ಕಾರಕ್ಕೆ ಕಾರಣ ನೀವೇ ಕೊಟ್ಟಂತೆ. ದೃಢೀಕೃತ ನಕಲಿಗೆ ಬೇರೆ ಕ್ರಮ ಇರುವ ಕಡೆ ಆ ಕ್ರಮದಲ್ಲೇ ಕೇಳುವುದು ಬೇಗ.

ಕಡಲಕರೆ

ದಕ್ಷಿಣ ಕನ್ನಡ, ಉಡುಪಿಯವರಿಗೆ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ ಮಾರಾಯ್ರೆ. ಅಳಿಯಸಂತಾನದ ಮನೆಗಳಲ್ಲಿ ಕುಟುಂಬ ತಾಯಿಯ ಕಡೆಯಿಂದ. ಮಗನ ಹೆಸರು ಅಪ್ಪನ ಆಸ್ತಿಯ ದಾಖಲೆಯಲ್ಲಿ ಹುಡುಕಿದರೆ ಎಲ್ಲಿ ಸಿಗ್ತದೆ? ಮಾವನ ದಾಖಲೆ ನೋಡಬೇಕು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಆದ ವಿಭಾಗ ಪತ್ರಗಳು ಚಿನ್ನದಂಥವು. ಪ್ರತಿ ಕವರು (ತಾಯಿ ಕಡೆಯ ಶಾಖೆ) ಬೇರೆ ಬೇರೆ ತೋರಿಸಿ, ಮೂಲಸ್ತ್ರೀಯಿಂದ ಹಿಡಿದು ಎಲ್ಲ ಹೆಂಗಸರ ಹೆಸರು ಸಾಲಾಗಿ ಕೊಟ್ಟಿರ್ತಾರೆ. ನೀಲಾಂಬರಿಯವರು ಕೇಳಿದ ಪ್ರಶ್ನೆ ಇಲ್ಲಿ ತಿರುಗುಮುರುಗು.

ಗೇಣಿಯ ಮನೆಗಳಿಗೆ 7ನೇ ನಮೂನೆ. 1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ ಅದು. ಎಷ್ಟು ವರ್ಷದಿಂದ ಗೇಣಿ, ಯಾರ ಕಾಲದಿಂದ, ಧಣಿ ಯಾರು, ಸಾಕ್ಷಿ ಹೇಳಿದ್ದು ಯಾರು ಎಂಬುದೆಲ್ಲ ಕಡತದಲ್ಲಿ ಇರ್ತದೆ. ಮಂಡಳಿಯ ಆದೇಶದ ನಂಬರ್ ಪಹಣಿಯಿಂದ ಸಿಗ್ತದೆ, ಅದನ್ನು ಹಿಡಿದು ತಾಲೂಕು ಕಚೇರಿಯಲ್ಲಿ ಕಡತವನ್ನೇ ಕೇಳಿ. ಆದೇಶದ ಒಂದು ಹಾಳೆ ಸಾಕಾಗುವುದಿಲ್ಲ, ಹೇಳಿಕೆಗಳು ಬೇಕು.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಸಭೆಗಳಿಗೆ ಸೇರಿದ ಕುಟುಂಬಗಳಿಗೆ ದೀಕ್ಷಾಸ್ನಾನದ ಪುಸ್ತಕ ಸ್ಥಳೀಯ ಚರ್ಚಿನಲ್ಲೇ ಇರ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರದ ಜಾಲತಾಣದಲ್ಲಿ ಹಳೇ ಫೋಟೋ, ನಕ್ಷೆಗಳನ್ನು ಊರಿನ ಹೆಸರಿನಿಂದ ಹುಡುಕಬಹುದು. ಕಾಗುಣಿತ ಜರ್ಮನ್ ರೀತಿಯದ್ದೂ ಇರ್ತದೆ, ಶೀರ್ಷಿಕೆಯೂ ಜರ್ಮನ್. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಯ ಚಿತ್ರಗಳು ಚೆನ್ನಾಗಿವೆ. ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರ ಕಾಲೇಜಿನ ಪತ್ರಾಗಾರವೂ ಇದೆ. ಕಥೊಲಿಕರಿಗೆ ಇಗರ್ಜಿಯ ಪುಸ್ತಕಗಳೇ ಮುಖ್ಯ, ಇಗರ್ಜಿಯಿಂದ ಇಗರ್ಜಿಗೆ ಹಿಸೆಯಾದಾಗ ಹಳೇ ಪುಸ್ತಕ ತಾಯಿ ಇಗರ್ಜಿಯಲ್ಲೇ ಉಳಿದಿರ್ತದೆ.

ಕಲ್ಪತರು

ಹಾಗಾದರೆ ಫ್ಯಾಮಿಲಿಸರ್ಚ್ ಥರದ ತಾಣಗಳು ನಮಗೆ ಪೂರ್ತಿ ನಿರುಪಯೋಗವೇ?

ಶಾನುಭೋಗರ ಮನೆ

ಹಾಗಲ್ಲ, ಯಾರಿಗೆ ಉಪಯೋಗ ಎಂದು ತಿಳಿದು ಹೋಗಬೇಕು. ಫ್ಯಾಮಿಲಿಸರ್ಚ್ ಉಚಿತ. ಅದರಲ್ಲಿ ಹಿಂದೂ ಯಾತ್ರಾ ದಾಖಲೆಗಳೆಂದು ಪಂಡಾಗಳ ವಹಿಗಳ ದೊಡ್ಡ ಸಂಗ್ರಹವಿದೆ, ಆದರೆ ಅದು ಹೆಚ್ಚಾಗಿ ಹರಿದ್ವಾರದ್ದು, ಉತ್ತರದ ಕುಟುಂಬಗಳದ್ದು. ನಮ್ಮ ಕಡೆಯವರು ಕಾಶಿ, ಗಯೆ, ತ್ರ್ಯಂಬಕಕ್ಕೆ ಹೋದವರು. ನಾಸಿಕ, ತ್ರ್ಯಂಬಕದ ತೀರ್ಥಪುರೋಹಿತರ ಬಳಿ ನಾಮಾವಳಿ ಪುಸ್ತಕಗಳಿವೆ. ಪುರೋಹಿತರನ್ನು ಹುಡುಕುವುದು ಜಾತಿ ಮತ್ತು ಮೂಲ ಊರಿನ ಮೇಲೆ, ಈಗಿನ ವಾಸದ ಊರಿನ ಮೇಲಲ್ಲ.

ಬೆಂಗಳೂರು ದಂಡು ಪ್ರದೇಶ, 1882ರಲ್ಲಿ ಶುರುವಾದ ವೈಟ್‌ಫೀಲ್ಡ್, ಇಂಥ ಕಡೆಯ ಆಂಗ್ಲೋ ಇಂಡಿಯನ್ ಮತ್ತು ಯುರೋಪಿಯನ್ ಕುಟುಂಬಗಳಿಗೆ ಮಾತ್ರ ವಿದೇಶಿ ತಾಣಗಳೇ ಮೊದಲ ಆಶ್ರಯ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಯಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ ಪಟ್ಟಿಗಳು ಮೂರು ಸಾಲು: ಬಂಗಾಳ ಎನ್ 1, ಮದರಾಸು ಎನ್ 2, ಮುಂಬೈ ಎನ್ 3. ಬೆಂಗಳೂರಿನದು ಮದರಾಸಿನ ಸಾಲಿನಲ್ಲಿದೆ, ಬೆಳಗಾವಿಯದು ಮುಂಬೈನಲ್ಲಿ. ಇವುಗಳ ಚಿತ್ರ ಫೈಂಡ್‌ಮೈಪಾಸ್ಟ್‌ನಲ್ಲಿ ಹಣಕ್ಕೆ ಸಿಗುತ್ತದೆ. ಹಣ ಕಟ್ಟುವ ಮೊದಲು ಫಿಬಿಸ್ ಎಂಬ ಸಂಸ್ಥೆಯ ಉಚಿತ ಸೂಚಿ ನೋಡಿಕೊಳ್ಳಿ.

ಸೈನ್ಯದಲ್ಲಿದ್ದು ಎರಡು ಮಹಾಯುದ್ಧಗಳಲ್ಲಿ ಮಡಿದವರಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ತಾಣ ಉಚಿತ. ಹಲವು ನಮೂದುಗಳಲ್ಲಿ ತಂದೆಯ ಹೆಸರು, ಊರು ಇರುತ್ತದೆ. ಹೆಸರು ಬ್ರಿಟಿಷ್ ಗುಮಾಸ್ತರ ಕಿವಿಗೆ ಬಿದ್ದಂತೆ ಬರೆದಿರುವುದರಿಂದ ರೆಜಿಮೆಂಟ್ ಮತ್ತು ವರ್ಷದ ಮೇಲೆ ಸೋಸಿ, ಆಮೇಲೆ ಹೆಸರು ನೋಡಿ.

ದಿವಾನರ ಕಾಲದ ನೌಕರಿ, ಜೋಡಿದಾರಿ, ಇನಾಂ ವ್ಯಾಜ್ಯ ಇದ್ದ ಮನೆತನವಾದರೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣ ನೋಡಿ. ಮೈಸೂರು ರೆಸಿಡೆನ್ಸಿಯ ಕಡತಗಳ ಶೀರ್ಷಿಕೆಗಳಲ್ಲೇ ಹೆಸರುಗಳಿವೆ.

ಆ ತಾಣಗಳು ತಾವಾಗಿ ಸೂಚಿಸುವ "ಹೊಂದಾಣಿಕೆ"ಯನ್ನು ಒಪ್ಪಬೇಡಿ. ಕೊನೆಯ ಹೆಸರನ್ನು ಮನೆತನದ ಹೆಸರೆಂದು ಅವು ತಿಳಿಯುತ್ತವೆ. ನಮ್ಮಲ್ಲಿ ಅದು ಅಪ್ಪನ ಹೆಸರೋ, ಬರೀ ಗೌಡ ಎಂಬುದೋ ಆಗಿರುತ್ತದೆ. ಒಂದು ಒತ್ತು ಒತ್ತಿದರೆ ಯಾರದೋ ಮನೆತನ ನಿಮ್ಮದಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸುವುದು ವಾರದ ಕೆಲಸ.

ಶರಾವತಿ ಹಿನ್ನೀರು

ಊರೇ ಮುಳುಗಿದ್ದರೆ? ಲಿಂಗನಮಕ್ಕಿ ಹಿನ್ನೀರಿನಡಿ ಹೋದ ಊರುಗಳ ಸರ್ವೆ ನಂಬರ್ ಈಗಿನ ಪಹಣಿಯಲ್ಲಿ ಸರ್ಕಾರದ ಹೆಸರಿಗಿದೆ.

ಕಡತಪಾಲ

ಹಾಗಿದ್ದಾಗ ಭೂಸ್ವಾಧೀನದ ಐತೀರ್ಪು (ಪರಿಹಾರದ ಆದೇಶ) ಕಡತ ಕೇಳಿ. ಪರಿಹಾರ ಪಡೆದ ಪ್ರತಿಯೊಬ್ಬರ ಹೆಸರು, ತಂದೆ, ಮನೆ, ಮರಗಳ ಎಣಿಕೆ ಸಮೇತ ಇರುತ್ತದೆ. ಸಾಮಾನ್ಯ ಪಹಣಿಗಿಂತ ಹೆಚ್ಚು ವಿವರ. ಇನ್ನೊಂದು ತುದಿಯಿಂದಲೂ ಬರಬಹುದು: ಪುನರ್ವಸತಿಯಲ್ಲಿ ಜಮೀನು ಮಂಜೂರಾದ ಊರಿನ ಮಂಜೂರಾತಿ ಕಡತದಲ್ಲಿ ಮೂಲ ಊರು ನಮೂದಾಗಿರುತ್ತದೆ. ಊರು ಎಲ್ಲಿತ್ತೆಂದು ನೋಡಲು ಟೆಕ್ಸಾಸ್ ವಿಶ್ವವಿದ್ಯಾಲಯದ ನಕ್ಷೆ ಸಂಗ್ರಹದಲ್ಲಿ ಅಮೆರಿಕನ್ ಸೈನ್ಯದ ಹಳೇ ಭಾರತ ನಕ್ಷೆಗಳಿವೆ, ಒಂದಕ್ಕೆ ಎರಡೂವರೆ ಲಕ್ಷ ಅಳತೆಯವು, ಯು502 ಸಾಲು.

ಐನ್‌ಮನೆ

ಕೊಡಗಿನವರಿಗೆ ಎರಡೇ ಮಾತು. ಒಕ್ಕದ (ಮನೆತನದ) ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ, ಐನ್‌ಮನೆಗಳ (ಒಕ್ಕದ ಮೂಲಮನೆಗಳ) ಬಗ್ಗೆಯೇ ಒಂದು ಜಾಲತಾಣವಿದೆ, ಅಲ್ಲಿಂದ ಶುರು ಮಾಡಿ. ಜಮ್ಮಾ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ) ಭೂಮಿಯ ದಾಖಲೆಯಲ್ಲಿ ಪಟ್ಟೇದಾರನ ಹೆಸರು ಒಂದೇ ಕಂಡರೆ ಅದು ಇಡೀ ಒಕ್ಕದ ಪರವಾಗಿ ಇರುವ ಹೆಸರು. ಪಟ್ಟೇದಾರ ಬದಲಾದಾಗ ಹೊಸಬರು ಹಳಬರ ಮಗನೇ ಆಗಿರಬೇಕೆಂದಿಲ್ಲ, ಒಕ್ಕದ ಹಿರಿಯರು. ತಂದೆ ಮಗ ಎಂದು ಗೆರೆ ಎಳೆಯಬೇಡಿ.

ಕಲ್ಪತರು

ಇಷ್ಟು ಮುಂದೆ ಬಂದಿದೆ: ದಿಶಾಂಕ್‌ನಿಂದ ಸರ್ವೆ ನಂಬರ್ ಸಿಕ್ಕಿತು, ಜಮೀನು ಪಕ್ಕದ ಬೇಚಿರಾಕ್ ಊರಿನ ಎಲ್ಲೆಯಲ್ಲೇ ಇದೆ. ಸಿಕ್ಕ ಪಹಣಿಯಲ್ಲಿ ಅತ್ಯಂತ ಹಳೆಯದರ 10ನೇ ಕಾಲಂನಲ್ಲಿ ಎಂ.ಆರ್. ನಂಬರ್ ಇದೆ, 1981-82. ಹಿಸ್ಸಾ ಮೂರು. ಪಕ್ಕದ ಹಿಸ್ಸಾದಲ್ಲಿ ಇನ್ನೊಬ್ಬ ರಂಗಪ್ಪ ಇದ್ದಾರೆ. ಇಬ್ಬರೂ "ಬಿನ್ ತಿಮ್ಮಯ್ಯ". ಒಬ್ಬರೋ ಇಬ್ಬರೋ ಹೇಗೆ ತಿಳಿಯುವುದು? ಮತ್ತು ಇದನ್ನೆಲ್ಲ ಬರೆದಿಡಲು ಯಾವ ತಂತ್ರಾಂಶ?

ಶಾನುಭೋಗರ ಮನೆ

ಖಾತೆ ನಂಬರ್ ನೋಡಿ. ಎರಡೂ ಹಿಸ್ಸಾಗೆ ಒಂದೇ ಖಾತೆ ನಂಬರ್ ಆದರೆ ಒಬ್ಬರೇ ಇರುವ ಸಾಧ್ಯತೆ ಹೆಚ್ಚು. ಬೇರೆ ಬೇರೆ ಆದರೆ ದೊಡ್ಡರಂಗಪ್ಪ, ಚಿಕ್ಕರಂಗಪ್ಪ ಎಂಬ ಅಣ್ಣತಮ್ಮಂದಿರಿರಬಹುದು, ಗುಮಾಸ್ತರು ದೊಡ್ಡ ಚಿಕ್ಕ ಬಿಟ್ಟು ಬರೆದಿರುತ್ತಾರೆ. ಇಲ್ಲವೇ ತಿಮ್ಮಯ್ಯನವರೇ ಇಬ್ಬರು. ತೀರ್ಮಾನ ಮಾಡುವುದು ಹಿಸ್ಸಾ ಆದ ವರ್ಷದ ಮ್ಯುಟೇಶನ್. ಅರ್ಜಿಯಲ್ಲಿ 1981-82ರದ್ದರ ಜೊತೆಗೆ ಇಂಡೆಕ್ಸ್ ಆಫ್ ಲ್ಯಾಂಡ್ಸ್‌ನಲ್ಲಿ ಆ ಮೂಲ ಸರ್ವೆ ನಂಬರಿನ ಪುಟ, ಹಿಸ್ಸಾ ಟಿಪ್ಪಣಿ ಎರಡನ್ನೂ ಹೆಸರಿಸಿ ಕೇಳಿ. ಗ್ರಾಮದ ಹೆಸರಿನ ಕಡೆ ಬೇಚಿರಾಕ್ ಊರಿನ ಹೆಸರನ್ನೇ ಬರೆಯಿರಿ. ಉತ್ತರ ಬರುವವರೆಗೆ ಇಬ್ಬರೆಂದೇ ಇಟ್ಟುಕೊಳ್ಳಿ. ಇಬ್ಬರನ್ನು ಆಮೇಲೆ ಒಂದು ಮಾಡುವುದು ಸುಲಭ.

ತಂತ್ರಾಂಶ ಗ್ರ್ಯಾಂಪ್ಸ್ ಸಾಕು, ಉಚಿತ, ಕನ್ನಡ ಅಕ್ಷರ ಹಿಡಿಯುತ್ತದೆ, ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಬೇರೆ ತಂತ್ರಾಂಶದಿಂದ ಜೆಡ್‌ಕಾಮ್ (ವಂಶವೃಕ್ಷವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ನಮೂನೆ) ಕಡತ ಹೊರತೆಗೆಯುವಾಗ ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿ, ಆನ್ಸಿ ಇದ್ದರೆ ಕನ್ನಡ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ, ಮತ್ತೆ ಮರಳದು. ಪ್ರತಿ ಹೆಸರಿನ ಕೆಳಗೆ ಯಾವ ಪುಸ್ತಕ, ಯಾವ ನಂಬರ್, ಯಾವ ಕಚೇರಿ, ನೋಡಿದ ತಾರೀಕು ಬರೆಯಿರಿ. ಮನೆತನದ ಹೆಸರು ಎಂಬ ಕಡೆ ಅಪ್ಪನ ಹೆಸರು ತುಂಬಬೇಡಿ, ಖಾಲಿ ಬಿಡಿ. ಬದುಕಿರುವವರ ಹುಟ್ಟಿದ ತಾರೀಕು, ತಾಯಿಯ ತವರಿನ ಹೆಸರು ಆನ್‌ಲೈನ್ ಮರದಲ್ಲಿ ಹಾಕಲೇಬೇಡಿ. ಬ್ಯಾಂಕಿನವರು ಗುರುತಿಗೆ ಕೇಳುವುದು ಅದನ್ನೇ.

ಕಲ್ಪತರು

ಖಾತೆ ನಂಬರ್ ನೋಡಿದೆ. ಬೇರೆ ಬೇರೆ. ಇಬ್ಬರೆಂದೇ ಬರೆದುಕೊಂಡಿದ್ದೇನೆ, ಅರ್ಜಿ ಸೋಮವಾರ ಹೋಗುತ್ತದೆ.